ಹಣದ ಮನೋಭಾವ: ಕೊಡಗಿನಲ್ಲಿ ವ್ಯಕ್ತಿತ್ವ ಮತ್ತು ಪಾಲನೆಯ ಪಾತ್ರ

ಹಣದ ಮನೋಭಾವ ಎಂದರೆ ಹಣವನ್ನು ಗಳಿಸುವ, ಕೂಡಿಡುವ, ಖರ್ಚು ಮಾಡುವ, ಸಾಲ ತರುವ ಮತ್ತು ಇತರರಿಗೆ ಕೊಡುವ ವಿಷಯದಲ್ಲಿ ವ್ಯಕ್ತಿಯೊಬ್ಬನಲ್ಲಿ ನೆಲೆನಿಂತ ನಂಬಿಕೆ, ಭಾವನೆ ಮತ್ತು ರೂಢಿ. ಹುಟ್ಟಿನಿಂದ ಬಂದ ಸ್ವಭಾವ, ಬೆಳೆದ ಮನೆಯ ಪಾಲನೆ, ಆ ಮನೆಗೆ ಹಣ ಬರುತ್ತಿದ್ದ ಬಗೆ ಈ ಮೂರೂ ಸೇರಿ ಇದನ್ನು ರೂಪಿಸುತ್ತವೆ. ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಈ ಮೂರನೆಯ ಅಂಶ ವಿಶೇಷವಾಗಿ ಎದ್ದುಕಾಣುತ್ತದೆ. ಪಾಲಾಗದ ಕುಟುಂಬಭೂಮಿ, ವರ್ಷಕ್ಕೊಮ್ಮೆ ಕೈಸೇರುವ ಕಾಫಿಯ ಹಣ, ಸೇನೆಯ ಸಂಬಳ ಮತ್ತು ಪಿಂಚಣಿ, ತೋಟದ ವಾರದ ಬಟವಾಡೆ ಎಂಬ ನಾಲ್ಕು ಬೇರೆಬೇರೆ ಆದಾಯಕ್ರಮಗಳು ಇಲ್ಲಿ ಅಕ್ಕಪಕ್ಕದಲ್ಲೇ ಇವೆ. 4,102 ಚದರ ಕಿಲೋಮೀಟರ್ ವಿಸ್ತೀರ್ಣದ, 2011ರ ಜನಗಣತಿಯಂತೆ 5,54,519 ಜನರಿರುವ ಈ ಚಿಕ್ಕ ಜಿಲ್ಲೆ ಹಾಗಾಗಿ ಈ ವಿಷಯದ ಅಧ್ಯಯನಕ್ಕೆ ಒಳ್ಳೆಯ ಕ್ಷೇತ್ರ.

ಈ ಲೇಖನದಲ್ಲಿ ‘ವ್ಯಕ್ತಿತ್ವ’ವೆಂದರೆ ಕಾಲ, ಸಂದರ್ಭಗಳು ಬದಲಾದರೂ ವ್ಯಕ್ತಿಯಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿ ಉಳಿಯುವ ಸ್ವಭಾವಲಕ್ಷಣಗಳು. ‘ಪಾಲನೆ’ಯೆಂದರೆ ಹೆತ್ತವರು ಬಾಯಿಬಿಟ್ಟು ಹೇಳಿಕೊಟ್ಟದ್ದು ಮಾತ್ರವಲ್ಲ, ಮಗು ಮನೆಯಲ್ಲಿ ಕಂಡು ಕಲಿತದ್ದೂ ಅದರಲ್ಲಿ ಸೇರುತ್ತದೆ. ಪಾಲನೆಯಲ್ಲಿ ಹಣಕ್ಕೆ ಸಂಬಂಧಿಸಿದ ಭಾಗವನ್ನು ‘ಆರ್ಥಿಕ ಸಂಸ್ಕಾರ’ ಎಂದು ಕರೆಯಲಾಗಿದೆ.

ಅಧ್ಯಯನದ ಹಿನ್ನೆಲೆ

ಹಣದ ಸಾಮಾಜಿಕ ಅರ್ಥವನ್ನು ವಿಸ್ತಾರವಾಗಿ ಚರ್ಚಿಸಿದ ಮೊದಲ ದೊಡ್ಡ ಗ್ರಂಥ ಜರ್ಮನಿಯ ಗಿಯೋರ್ಗ್ ಜಿಮ್ಮೆಲ್ 1900ರಲ್ಲಿ ಪ್ರಕಟಿಸಿದ ‘ಹಣದ ತತ್ತ್ವಶಾಸ್ತ್ರ’. ಜಿಪುಣತನದ ಬೇರು ಶೈಶವದಲ್ಲಿದೆ ಎಂಬ ವಾದವನ್ನು ಸಿಗ್ಮಂಡ್ ಫ್ರಾಯ್ಡ್ 1908ರಲ್ಲಿ ಮುಂದಿಟ್ಟ. ಅಳತೆಗೋಲುಗಳು ಬಂದದ್ದು ತೀರ ಈಚೆಗೆ. ಕೆಂಟ್ ಯಾಮಾಉಚಿ ಮತ್ತು ಡೊನಾಲ್ಡ್ ಟೆಂಪ್ಲರ್ 1982ರಲ್ಲಿ ರೂಪಿಸಿದ ಪ್ರಶ್ನಾವಳಿ ಹಣದ ಬಗೆಗಿನ ಧೋರಣೆಯನ್ನು ಅಧಿಕಾರ ಮತ್ತು ಪ್ರತಿಷ್ಠೆ, ನಾಳೆಗಾಗಿ ಉಳಿಸುವಿಕೆ, ಅಪನಂಬಿಕೆ, ಆತಂಕ ಎಂಬ ಮುಖಗಳಲ್ಲಿ ಅಳೆಯುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ವಿವಿಯಾನಾ ಝೆಲೈಜರ್ 1994ರ ತನ್ನ ಪುಸ್ತಕದಲ್ಲಿ, ಮನೆಗಳಲ್ಲಿ ಎಲ್ಲ ಡಾಲರೂ ಒಂದೇ ಅಲ್ಲ, ಬಂದ ದಾರಿಗೆ ತಕ್ಕಂತೆ ಜನ ಹಣಕ್ಕೆ ಬೇರೆಬೇರೆ ಗುರುತು ಹಾಕುತ್ತಾರೆ ಎಂದು ತೋರಿಸಿದಳು. ಕೊಡಗನ್ನು ಅರಿಯಲು ಈ ಕೊನೆಯ ವಿಚಾರವೇ ಎಲ್ಲಕ್ಕಿಂತ ಹೆಚ್ಚು ಉಪಯುಕ್ತ.

ಕೊಡಗಿನ ಕುಟುಂಬವ್ಯವಸ್ಥೆಯನ್ನು ಕುರಿತ ಪ್ರಮುಖ ಸಮಾಜಶಾಸ್ತ್ರೀಯ ಕೃತಿ ಎಂ.ಎನ್. ಶ್ರೀನಿವಾಸರದು. ದಕ್ಷಿಣ ಭಾರತದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಈ ಗ್ರಂಥ 1952ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 1924ರಲ್ಲಿ, ನಡಿಕೇರಿಯಂಡ ಚಿಣ್ಣಪ್ಪ ಸಂಗ್ರಹಿಸಿದ ‘ಪಟ್ಟೋಲೆ ಪಳಮೆ’ ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಒಂದೆಡೆ ತಂದಿತ್ತು. ಎರಡೂ ಹಣವನ್ನೇ ಕುರಿತ ಪುಸ್ತಕಗಳಲ್ಲ. ಆದರೂ ಆಸ್ತಿ, ಹಂಚಿಕೆ, ಆತಿಥ್ಯ, ಹರಕೆಗಳ ವಿವರ ಅವುಗಳಲ್ಲಿ ಹೇರಳವಾಗಿದೆ.

ವ್ಯಕ್ತಿತ್ವದ ಪಾಲು

ಸ್ವಭಾವದ ಪ್ರಭಾವ ನಿಜ, ಆದರೆ ಜನ ನಂಬುವಷ್ಟು ದೊಡ್ಡದಲ್ಲ. ಸ್ವೀಡನ್ನಿನ ಅವಳಿಗಳ ಹೂಡಿಕೆಯನ್ನು ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಣಕಾಸಿನ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದರಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ವ್ಯತ್ಯಾಸದ ಸುಮಾರು ಕಾಲುಭಾಗ ಆನುವಂಶಿಕ ಎಂದು ಅಂದಾಜು ಮಾಡಿತು. ಉಳಿದ ಮುಕ್ಕಾಲಿನಲ್ಲಿ ಹೆಚ್ಚಿನದು ಬದುಕಿನ ಅನುಭವಕ್ಕೆ ಸೇರಿದ್ದು. ಅಚ್ಚುಕಟ್ಟು ಸ್ವಭಾವದವರು ಉಳಿತಾಯದಲ್ಲಿ ಮುಂದಿರುತ್ತಾರೆ, ಬೇಗ ಕಳವಳಗೊಳ್ಳುವವರು ಕೈಯಲ್ಲಿ ಹಣವಿದ್ದರೂ ನೆಮ್ಮದಿ ಕಾಣುವುದಿಲ್ಲ ಎಂಬುದು ಹಲವು ದೇಶಗಳ ಸಂಶೋಧನೆಯಲ್ಲಿ ಮತ್ತೆಮತ್ತೆ ಕಂಡುಬಂದಿದೆ.

ಜನಾಂಗದ ಗುಣವೆಂದು ಕಾಣುವುದು ಎಷ್ಟೋ ವೇಳೆ ಮನೆಯ ಗುಣ ಎನ್ನುವುದಕ್ಕೆ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಟ್ರಿನಿಡಾಡ್‌ನಲ್ಲಿ ನಡೆಸಿ 1958ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿ. ಈಗಲೇ ಚಿಕ್ಕ ಮಿಠಾಯಿ ಬೇಕೇ, ಒಂದು ವಾರ ಕಾದು ದೊಡ್ಡದು ಬೇಕೇ ಎಂದು ಮಕ್ಕಳನ್ನು ಕೇಳಿದಾಗ ಆಫ್ರಿಕನ್ ಮೂಲದವರಿಗೂ ಭಾರತೀಯ ಮೂಲದವರಿಗೂ ವ್ಯತ್ಯಾಸ ಕಂಡಿತು. ಆದರೆ ಮನೆಯಲ್ಲಿ ತಂದೆ ಇದ್ದಾನೆಯೇ ಇಲ್ಲವೇ ಎಂಬುದಕ್ಕೂ ಮಕ್ಕಳ ಆಯ್ಕೆಗೂ ನಿಕಟ ಸಂಬಂಧವಿತ್ತು. ಮಾತು ಕೊಟ್ಟ ಹಿರಿಯರು ಅದನ್ನು ಉಳಿಸಿಕೊಳ್ಳದಿದ್ದರೆ ಮಕ್ಕಳು ಮುಂದಿನ ಸಲ ಕಾಯುವುದಿಲ್ಲ ಎಂದು 2013ರ ಇನ್ನೊಂದು ಪ್ರಯೋಗ ತೋರಿಸಿತು. ತಾಳ್ಮೆಯೆಂದು ನಾವು ಹೊಗಳುವ ಗುಣದಲ್ಲಿ ನಂಬಿಕೆಯ ಪಾಲು ದೊಡ್ಡದು.

ಕೊಡಗಿನವರ ವಿಷಯದಲ್ಲಿ ಈ ಎಚ್ಚರಿಕೆ ಅಗತ್ಯ. ಕೊಡವರನ್ನು ‘ಯೋಧ ಜನಾಂಗ’ವೆಂದು ಬಣ್ಣಿಸಿದ ವಸಾಹತುಕಾಲದ ಬರಹಗಳ ಬೆನ್ನಿಗೇ ‘ಧಾರಾಳಿಗಳು, ಖರ್ಚಿನ ಕೈಯವರು’ ಎಂಬ ಮಾತೂ ರೂಢಿಯಾಗಿದೆ. ಜನಾಂಗಕ್ಕೇ ಒಂದು ಸ್ವಭಾವವನ್ನು ಅಂಟಿಸುವ ಈ ವಿವರಣೆಗೆ ಆಧಾರವಿಲ್ಲ. ಭೂಮಿಯ ಹಕ್ಕು, ಬೆಳೆಯ ಕಾಲಮಾನ, ಮನೆಯ ವ್ಯವಸ್ಥೆಗಳನ್ನು ನೋಡಿದರೆ ಇಲ್ಲಿನ ನಡವಳಿಕೆ ಹೆಚ್ಚು ಸ್ಪಷ್ಟವಾಗಿ ಅರ್ಥವಾಗುತ್ತದೆ.

ಒಕ್ಕ ಮತ್ತು ಜಮ್ಮ ಭೂಮಿ

ಕೊಡವರ ಮೂಲ ಸಾಮಾಜಿಕ ಘಟಕ ಒಕ್ಕ. ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಬೆಳೆದು ಬಂದ ಈ ಕುಟುಂಬಕ್ಕೆ ಒಂದು ಮನೆಹೆಸರು, ಮೂಲಮನೆಯಾದ ಒಂದು ಐನ್‌ಮನೆ, ಹಿರಿಯರ ನೆನಪಿನ ಗುಡಿಯಾದ ಕೈಮಡ ಇರುತ್ತವೆ. ಒಕ್ಕದ ಆಸ್ತಿ ಯಾರೊಬ್ಬರದೂ ಅಲ್ಲ. ಹಿರಿಯನಾದ ಪಟ್ಟೆದಾರನ ಹೆಸರಿನಲ್ಲಿ ಅದು ದಾಖಲಾಗುತ್ತದೆ, ಕಂದಾಯ ಕಟ್ಟುವುದೂ ಅವನ ಹೊಣೆ.

ಈ ವ್ಯವಸ್ಥೆಯ ಬೆನ್ನೆಲುಬು ಜಮ್ಮ ಎಂಬ ವಂಶಪಾರಂಪರ್ಯ ಹಿಡುವಳಿ. ಕೊಡಗಿನ ಅರಸರು ಸೇನಾಸೇವೆಗೆ ಪ್ರತಿಯಾಗಿ ನೀಡಿದ ಈ ಭೂಮಿಗೆ ಸಾಮಾನ್ಯ ಸಾಗು ಭೂಮಿಯ ಅರ್ಧದಷ್ಟೇ ಕಂದಾಯ. ಗದ್ದೆಗೆ ಸೇರಿದಂತೆ ಸೊಪ್ಪು, ಸೌದೆ, ಮೇವಿಗಾಗಿ ಬಾಣೆ ಜಾಗವೂ ಸಿಗುತ್ತಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಜಮ್ಮವನ್ನು ಉಳಿಸಿಕೊಂಡರು. ಸರ್ಕಾರದ ಅನುಮತಿಯಿಲ್ಲದೆ ಅದನ್ನು ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ. ಜಮ್ಮ ಕೊಡವರದು ಮಾತ್ರವಾಗಿರಲಿಲ್ಲ. ಬೇರೆ ಸಮುದಾಯಗಳ ಕೆಲವು ಕುಟುಂಬಗಳಿಗೂ ಅದು ದೊರೆತಿತ್ತು. ಅಂಥ ಮುಸ್ಲಿಂ ಕುಟುಂಬಗಳಿಗೆ ಜಮ್ಮ ಮಾಪಿಳ್ಳೆ ಎಂಬ ಹೆಸರೇ ಇದೆ.

ಇಂಥ ಮನೆಯಲ್ಲಿ ಬೆಳೆದ ಮಗು ಹಣದ ಬಗ್ಗೆ ಕಲಿಯುವ ಪಾಠ ಬೇರೆ. ಆಸ್ತಿಗೆ ಬೆಲೆ ಕಟ್ಟುವ ಸಂದರ್ಭವೇ ಬರುವುದಿಲ್ಲ, ಏಕೆಂದರೆ ಅದು ಮಾರಾಟದ ವಸ್ತುವಲ್ಲ. ಹಸಿವಿನ ಭಯ ಕಡಿಮೆ, ಕಣಜದ ಭತ್ತ ಎಲ್ಲರಿಗೂ ಸೇರಿದ್ದು. ಹಾಗೆಯೇ ಕೈಯಲ್ಲಿ ಸ್ವಂತ ನಗದು ಇರುವುದೂ ಕಡಿಮೆ. ದೊಡ್ಡ ಖರ್ಚಿಗೆ ಪಟ್ಟೆದಾರನ ಒಪ್ಪಿಗೆ ಬೇಕು. ಭೂಮಿಯಲ್ಲಿ ಶ್ರೀಮಂತಿಕೆ, ನಗದಿನಲ್ಲಿ ಬಿಗಿ ಎಂಬ ಈ ಜೋಡಿ ಕೊಡಗಿನ ಹಳೆಯ ಮನೆಗಳ ಆರ್ಥಿಕ ಸಂಸ್ಕಾರದ ಮುಖ್ಯ ಲಕ್ಷಣ. ಒಕ್ಕ ಅಳಿಯದಂತೆ, ಅದರ ಭೂಮಿ ಕೈತಪ್ಪದಂತೆ ನೋಡಿಕೊಳ್ಳಲು ಒಕ್ಕಪರಿಜೆ, ಮಕ್ಕಪರಿಜೆ ಎಂಬ ವಿಶೇಷ ವಿವಾಹಕ್ರಮಗಳೂ ಇದ್ದವು.

ಇಪ್ಪತ್ತನೆಯ ಶತಮಾನದಲ್ಲಿ ಒಕ್ಕಗಳು ಪಾಲಾದವು. ಒಳಪಾಲು ಮಾಡಿಕೊಂಡು ಬೇರೆ ಮನೆ ಕಟ್ಟಿದವರ ಮಕ್ಕಳು ಐನ್‌ಮನೆಯನ್ನು ಹಬ್ಬದ ದಿನ ಮಾತ್ರ ಕಂಡರು. ಅವರ ಕಣ್ಣಲ್ಲಿ ತೋಟ ತಂದೆಯ ಸ್ವಂತ ದುಡಿಮೆ, ಸಾಲವೂ ತಂದೆಯ ಸ್ವಂತ ಹೊರೆ. ಆದರೆ ಕಂದಾಯ ದಾಖಲೆ ಈ ವೇಗದಲ್ಲಿ ಬದಲಾಗಲಿಲ್ಲ. ಪಹಣಿಯಲ್ಲಿ ಪಟ್ಟೆದಾರನ ಜೊತೆಗೆ ಹಲವರ ಹೆಸರು ಉಳಿದುದರಿಂದ ಸ್ವಂತ ಪಾಲಿನ ಮೇಲೆ ಬ್ಯಾಂಕ್ ಸಾಲ ಪಡೆಯುವುದು ಅನೇಕರಿಗೆ ಕಷ್ಟವಾಗಿಯೇ ಇದೆ. ಜಮ್ಮ ಬಾಣೆಯ ಹಕ್ಕನ್ನು ಸ್ಪಷ್ಟಪಡಿಸಲು ಕರ್ನಾಟಕ ಭೂಕಂದಾಯ ಕಾಯಿದೆಗೆ 2011ರಲ್ಲಿ ತಿದ್ದುಪಡಿ ರೂಪಿಸಲಾಯಿತು.

ಆಚರಣೆಗಳಲ್ಲಿ ಹಣ

ಕೊಡವರಲ್ಲಿ ವರದಕ್ಷಿಣೆ ಸಂಪ್ರದಾಯವಲ್ಲ. ಮದುವೆಯಲ್ಲಿ ಬಂಧುಗಳು ಒಬ್ಬೊಬ್ಬರಾಗಿ ಬಂದು ವಧೂವರರಿಗೆ ಅಕ್ಕಿ ಹಾಕಿ, ಕಿಂಡಿ ಎಂಬ ಪಾತ್ರೆಯಿಂದ ಹಾಲು ಕುಡಿಸಿ, ಕೈಗೆ ಕಾಣಿಕೆ ಕೊಡುತ್ತಾರೆ. ವಧುವಿಗೆ ಗಂಡನ ಒಕ್ಕದಲ್ಲಿ ದೊರೆಯುವ ಹಕ್ಕುಗಳನ್ನು ಸಮ್ಮಂದ ಎಂಬ ವಿಧಿಯಲ್ಲಿ ಚಿಕ್ಕ ಕಲ್ಲುಗಳ ಮೂಲಕ, ಎರಡೂ ಒಕ್ಕಗಳ ಪರವಾಗಿ ಮಾತಾಡುವ ಅರುವರ ಎದುರು ಸಾರಲಾಗುತ್ತದೆ. ಆಸ್ತಿಯ ಹಕ್ಕು ಸಭೆಯ ಮುಂದೆ, ಸಾಕ್ಷಿಗಳ ಎದುರು ಘೋಷಣೆಯಾಗುವ ವಿಷಯ ಎಂಬುದನ್ನು ಮಕ್ಕಳು ಇಲ್ಲಿ ಕಣ್ಣಾರೆ ಕಾಣುತ್ತಾರೆ.

ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಹೊಸ ಕದಿರನ್ನು ಕೊಯ್ಯುವಾಗ ಸಮೃದ್ಧಿ ಹೆಚ್ಚಲೆಂದು ಎಲ್ಲರೂ ಒಂದೇ ದನಿಯಲ್ಲಿ ಕೂಗುತ್ತಾರೆ. ಅನಂತರ ದುಡಿ ಹಿಡಿದ ಹಾಡುಗಾರರ ತಂಡಗಳು ಮನೆಮನೆಗೆ ಬರುತ್ತವೆ, ಮನೆಯವರು ಕಾಣಿಕೆ ಕೊಟ್ಟು ಕಳಿಸುತ್ತಾರೆ. ಆತಿಥ್ಯದ ಖರ್ಚು ಇಲ್ಲಿ ಒಕ್ಕದ ಮಾನಕ್ಕೆ ಸೇರಿದ್ದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದ ಆತಿಥ್ಯದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವ ಇದೇ ಮನೋಭಾವದ ಹೊಸ ರೂಪ. ಪ್ರತಿ ಸಲ ಒಂದು ಒಕ್ಕ ಆತಿಥ್ಯದ ಹೊಣೆ ಹೊತ್ತು, ಊರಿನಲ್ಲಿರುವ, ಪರವೂರಿನಲ್ಲಿರುವ ಸದಸ್ಯರಿಂದ ಹಣ ಕೂಡಿಸಿ ಇದನ್ನು ನಡೆಸುತ್ತದೆ. ಹೊರಗಿನವರಿಗೆ ದುಂದುವೆಚ್ಚವಾಗಿ ಕಾಣುವ ಇಂಥ ಖರ್ಚು ಒಳಗಿನವರಿಗೆ ಸಂಬಂಧಗಳ ಮೇಲಿನ ಹೂಡಿಕೆ. ಕಷ್ಟಕಾಲದಲ್ಲಿ ನೆರವಾಗುವುದೂ ಇದೇ ಸಂಬಂಧಗಳು.

ಕಾಫಿಯ ಹಣ

ಅರಸರ ಕಾಲದಲ್ಲೇ ನಾಲ್ಕುನಾಡಿನ ಬಳಿ ಮಾಪಿಳ್ಳೆಗಳು ಕಾಫಿ ಬೆಳೆದಿದ್ದರು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಐರೋಪ್ಯ ತೋಟ ತೆರೆದ ಮೇಲೆ ಅದು ವ್ಯಾಪಾರದ ಬೆಳೆಯಾಯಿತು. ಇಂದು ಭಾರತದ ಕಾಫಿಯ ಸುಮಾರು ಮೂರನೆಯ ಒಂದು ಭಾಗ ಈ ಜಿಲ್ಲೆಯದು. ಆರಂಭದಿಂದಲೂ ಇದು ಏರಿಳಿತದ ಬೆಳೆ. 1860ರ ದಶಕದಲ್ಲಿ ಕಾಂಡಕೊರಕ ಹುಳು ಎಷ್ಟೋ ತೋಟಗಳನ್ನು ನುಂಗಿತು; ಅದರ ಹಾವಳಿಯ ಬಗ್ಗೆ ಜಾರ್ಜ್ ಬಿಡಿ ಎಂಬಾತ 1869ರಲ್ಲಿ ವರದಿ ಬರೆದ.

ಕಾಫಿ ಬೆಳೆಗಾರನ ಮನೆಗೆ ಹಣ ಬರುವ ಕಾಲ ಒಂದು, ಹೋಗುವ ಕಾಲ ಇನ್ನೊಂದು. ಫೆಬ್ರವರಿಯಿಂದ ಏಪ್ರಿಲ್ ನಡುವಿನ ಹೂಮಳೆ ಮುಂದಿನ ಫಸಲನ್ನು ನಿರ್ಧರಿಸುತ್ತದೆ. ಅರೇಬಿಕಾ ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ ಕೊಯ್ಲಿಗೆ ಬರುತ್ತದೆ. ಕಣದಲ್ಲಿ ಒಣಗಿಸಿ ಚೀಲ ತುಂಬಿ ಮಾರಿದ ಹಣ ಬೇಸಿಗೆಯ ಹೊತ್ತಿಗೆ ಕೈಸೇರುತ್ತದೆ. ಮಳೆಗಾಲದಲ್ಲಿ ಗೊಬ್ಬರ, ಮರಗಸಿ, ಕಳೆ, ಕೂಲಿ, ಶಾಲೆಯ ಶುಲ್ಕ ಎಲ್ಲಕ್ಕೂ ಅದೇ ಹಣ. ಆ ವೇಳೆಗೆ ಅದು ಕರಗಿದ್ದರೆ ಬೆಳೆಸಾಲ, ಒಡವೆಯ ಗಿರವಿ, ಇಲ್ಲವೇ ವ್ಯಾಪಾರಿಯ ಮುಂಗಡ. ಇಂಥ ಮನೆಯ ಮಕ್ಕಳು ವರ್ಷದಲ್ಲಿ ಎರಡು ಬೇರೆ ಮನೆಗಳನ್ನು ಕಾಣುತ್ತಾರೆ: ಮಾರ್ಚಿನಲ್ಲಿ ಹೊಸ ಬಟ್ಟೆ, ವಾಹನ, ಮದುವೆಗಳ ಮನೆ; ಆಗಸ್ಟಿನಲ್ಲಿ ‘ಕಾಫಿ ಆದಮೇಲೆ ನೋಡೋಣ’ ಎನ್ನುವ ಮನೆ.

ಇದಕ್ಕೆ ಹೋಲಿಕೆಯಾಗಿ ತಮಿಳುನಾಡಿನ ಅಧ್ಯಯನವೊಂದನ್ನು ನೋಡಬಹುದು. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಮತ್ತು ಅನಂತರ ಪರೀಕ್ಷಿಸಿ, ಹಣದ ಬಿಗಿ ಇದ್ದ ದಿನಗಳಲ್ಲಿ ಅದೇ ವ್ಯಕ್ತಿಯ ಆಲೋಚನಾಶಕ್ತಿ ಕುಗ್ಗಿರುತ್ತದೆ ಎಂದು 2013ರಲ್ಲಿ ವರದಿ ಮಾಡಿದರು. ಫಲಿತಾಂಶದ ಪ್ರಮಾಣದ ಬಗ್ಗೆ ಮುಂದೆ ಚರ್ಚೆ ನಡೆದಿದೆ. ಆದರೂ ವರ್ಷಕ್ಕೊಮ್ಮೆ ಆದಾಯ ಬರುವ ಕಡೆ ‘ಜವಾಬ್ದಾರಿಯಿಲ್ಲದವನು’ ಎಂಬ ಹಣೆಪಟ್ಟಿಯನ್ನು ಯಾವ ತಿಂಗಳಲ್ಲಿ ಕಟ್ಟಲಾಯಿತು ಎಂದು ಕೇಳುವುದು ನ್ಯಾಯ.

ಮಾರಾಟದ ವ್ಯವಸ್ಥೆಯೂ ಮನೋಭಾವವನ್ನು ರೂಪಿಸಿತು. 1942ರ ಕಾಯಿದೆಯಡಿ ರಚನೆಯಾದ ಕಾಫಿ ಮಂಡಳಿಯ ಪೂಲ್ ಪದ್ಧತಿಯಲ್ಲಿ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಗೆ ಒಪ್ಪಿಸಬೇಕಿತ್ತು. ಮಂಡಳಿ ಅದನ್ನು ಹರಾಜು ಹಾಕಿ ಕಂತುಕಂತಾಗಿ ಹಣ ಕೊಡುತ್ತಿತ್ತು. ಬೆಲೆ ಬೆಳೆಗಾರನ ನಿರ್ಧಾರವಾಗಿರಲಿಲ್ಲ. ತಡವಾದರೂ ಹಣ ಬರುವುದು ಖಚಿತವಿತ್ತು. 1992ರಿಂದ ಹಂತಹಂತವಾಗಿ ಸಡಿಲವಾದ ಈ ಪದ್ಧತಿ 1996ರಲ್ಲಿ ಕೊನೆಗೊಂಡಿತು. ಇದೇ ಹೊತ್ತಿಗೆ, 1994ರಲ್ಲಿ, ಬ್ರೆಜಿಲ್‌ನ ಕೊರೆಮಂಜಿನಿಂದ ಜಾಗತಿಕ ಬೆಲೆ ಗಗನಕ್ಕೇರಿತು. ಕಂತಿಗೆ ಕಾದು ರೂಢಿಯಾಗಿದ್ದ ಮನೆಗಳಿಗೆ ಹಿಂದೆಂದೂ ಕಾಣದ ಹಣ ಒಮ್ಮೆಗೇ ಬಂತು. ಕಾರು, ಕಟ್ಟಡ, ತೋಟ ವಿಸ್ತರಣೆ, ಸಾಲ ಎಲ್ಲವೂ ಆ ಬೆಲೆಯ ಲೆಕ್ಕದಲ್ಲೇ ನಡೆದವು. 1999ರ ಬಳಿಕ ಬೆಲೆ ಕುಸಿದು ಹಲವು ವರ್ಷ ಏಳಲೇ ಇಲ್ಲ.

ತಮ್ಮ ಬದುಕಿನಲ್ಲಿ ಕಂಡ ಆರ್ಥಿಕ ಕುಸಿತದ ಗುರುತು ಜನರ ಹೂಡಿಕೆಯ ಮೇಲೆ ದಶಕಗಳ ಕಾಲ ಉಳಿಯುತ್ತದೆ ಎಂದು ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಸ್ಟೆಫಾನ್ ನಾಗೆಲ್ ಅಮೆರಿಕದ ಅಂಕಿಅಂಶಗಳಿಂದ 2011ರಲ್ಲಿ ತೋರಿಸಿದ್ದಾರೆ. ಈ ದೃಷ್ಟಿಯಿಂದ ನೋಡಿದರೆ ಕೊಡಗಿನಲ್ಲಿ ಮೂರು ತಲೆಮಾರುಗಳನ್ನು ಬೇರ್ಪಡಿಸಬಹುದು: ಪೂಲ್ ಕಾಲದಲ್ಲಿ ಕಾಯುವುದನ್ನು ಕಲಿತವರು, 1994ರ ಏರಿಕೆಯಲ್ಲಿ ತೋಟದ ಹೊಣೆ ಹೊತ್ತವರು, ಕುಸಿತದ ವರ್ಷಗಳಲ್ಲಿ ಬಾಲ್ಯ ಕಳೆದವರು. ಕೊನೆಯವರಲ್ಲಿ ಅನೇಕರು ಸಂಬಳದ ಕೆಲಸ ಹುಡುಕಿ ಬೆಂಗಳೂರು, ಮೈಸೂರು ಸೇರಿದರು.

ಕಾಳುಮೆಣಸಿನ ಸ್ಥಾನ ಬೇರೆ. ಚೆನ್ನಾಗಿ ಒಣಗಿಸಿದರೆ ವರ್ಷಗಟ್ಟಲೆ ಕೆಡದ ಇದನ್ನು ಬೆಳೆಗಾರರು ಅಗತ್ಯ ಬಿದ್ದಾಗ ಮಾರಲು ಕಟ್ಟಿಡುತ್ತಾರೆ. ಹಾಗೆಯೇ ಸಿಲ್ವರ್ ಓಕ್ ಮರಗಳು ಮಗಳ ಮದುವೆಗೋ ಮನೆ ಕಟ್ಟುವುದಕ್ಕೋ ಎಂದು ಬೆಳೆದು ನಿಲ್ಲುತ್ತವೆ. ಬ್ಯಾಂಕ್ ಪುಸ್ತಕವನ್ನಷ್ಟೇ ನೋಡಿ ಕೊಡಗಿನ ಮನೆಯ ಉಳಿತಾಯವನ್ನು ಅಳೆಯುವುದು ಈ ಕಾರಣಕ್ಕೆ ತಪ್ಪಾಗುತ್ತದೆ.

ಸಂಬಳ ಮತ್ತು ಪಿಂಚಣಿಯ ಮನೆಗಳು

1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೆ.ಎಂ. ಕಾರ್ಯಪ್ಪ, ಅನಂತರದ ಸೇನಾ ಮುಖ್ಯಸ್ಥ ಕೆ.ಎಸ್. ತಿಮ್ಮಯ್ಯ ಇಬ್ಬರೂ ಕೊಡಗಿನವರು. ಅವರ ಹಿಂದೆ ಹೆಸರು ಕೇಳಿಬರದ ಸಾವಿರಾರು ಸೈನಿಕ ಕುಟುಂಬಗಳಿವೆ. ಇಂಥ ಮನೆಗೆ ಹಣ ಬರುವುದು ತಿಂಗಳಿಗೊಮ್ಮೆ, ನಿಗದಿತ ಮೊತ್ತದಲ್ಲಿ. ಹಿಂದೆ ಮನಿಯಾರ್ಡರಿನಲ್ಲಿ, ಈಗ ಖಾತೆಗೆ. ಗಂಡ ಗಡಿಯಲ್ಲಿದ್ದಾಗ ಮನೆ, ತೋಟಗಳ ಲೆಕ್ಕ ಹೆಂಡತಿಯ ಕೈಗೆ ಬಂತು. ನಿವೃತ್ತಿಯ ಬಳಿಕ ಪಿಂಚಣಿಯ ಜೊತೆಗೆ ತೋಟವೂ ಇರುವ ಮನೆ ಕಾಫಿ ಬೆಲೆಯ ಕುಸಿತವನ್ನು ತಾಳಿಕೊಳ್ಳುವ ರೀತಿ ತೋಟವೊಂದನ್ನೇ ನಂಬಿದ ಮನೆಗಿಂತ ಬೇರೆ.

ತೋಟದ ಕಾರ್ಮಿಕರು ಮತ್ತು ಆದಿವಾಸಿಗಳು

ಒಕ್ಕದ ಸುಭದ್ರತೆಯ ಇನ್ನೊಂದು ಬದಿಯಲ್ಲಿ ಆ ಭೂಮಿಯಲ್ಲಿ ದುಡಿದು ಯಾವ ಹಕ್ಕೂ ಇಲ್ಲದವರಿದ್ದರು. ಅವರಲ್ಲಿ ಯರವ ಆದಿವಾಸಿಗಳು ತಲೆತಲಾಂತರದಿಂದ ಜೀತದಲ್ಲಿದ್ದವರು. ಜೀತವನ್ನು ಕಾನೂನು ರದ್ದುಪಡಿಸಿದ್ದು 1976ರಲ್ಲಿ. ಕೂಲಿಯೆಂದರೆ ಭತ್ತ, ಬಟ್ಟೆ ಎಂದೇ ಇದ್ದ ಮನೆಯಲ್ಲಿ ಬೆಳೆದವರಿಗೆ ಹಣ ಕೂಡಿಡುವ ಅವಕಾಶವೇ ಇರಲಿಲ್ಲ. ಮುಂಗಡ ಪಡೆದವನು ಅದು ತೀರುವವರೆಗೆ ತೋಟ ಬಿಡುವಂತಿರಲಿಲ್ಲ. ಸಾಲವೆಂದರೆ ಇಲ್ಲಿ ಕಟ್ಟಿಹಾಕುವ ಹಗ್ಗ. ಜೇನು ಕುರುಬರು, ಬೆಟ್ಟ ಕುರುಬರು ಕಾಡಿನ ಉತ್ಪನ್ನ ಮತ್ತು ದಿನಗೂಲಿಯನ್ನು ನೆಚ್ಚಿದವರು.

ಲೈನ್‌ಮನೆಗಳ ಕಾರ್ಮಿಕರಿಗೆ ವಾರದ ಬಟವಾಡೆ, ಅದರ ಬೆನ್ನಿಗೆ ಸಂತೆ. ಸೋಮವಾರಪೇಟೆ, ಶನಿವಾರಸಂತೆಗಳ ಹೆಸರಲ್ಲೇ ಸಂತೆಯ ದಿನವಿದೆ. ಏಳು ದಿನದ ದಿನಸಿ ಕೊಂಡು ಹಿಂದಿನ ವಾರದ ಅಂಗಡಿ ಬಾಕಿ ತೀರಿಸಿದರೆ ಕೈ ಖಾಲಿ. ಈ ನಡವಳಿಕೆಯನ್ನು ದೂರದೃಷ್ಟಿಯ ಕೊರತೆ ಎನ್ನುವುದು ಅನ್ಯಾಯ. ಇರುವ ಆದಾಯದಲ್ಲಿ ಅವರ ಲೆಕ್ಕಾಚಾರ ಅತ್ಯಂತ ಬಿಗಿಯಾದದ್ದು. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದ ಕಾರ್ಮಿಕರು ಗಳಿಕೆಯ ಪಾಲನ್ನು ಊರಿಗೆ ಕಳಿಸುತ್ತಾರೆ.

ಹೆಣ್ಣು ಮತ್ತು ಹಣ

ಒಡವೆ ಹೆಣ್ಣಿನ ಕೈಯಲ್ಲಿದ್ದ ಪ್ರಮುಖ ಆಸ್ತಿ. ಕತೆಗಾರ್ತಿ ಕೊಡಗಿನ ಗೌರಮ್ಮ (1912–1939) 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದಾಗ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. ಪಾಲನೆಯಿಂದ ಬಂದ ಮನೋಭಾವವನ್ನು ಪ್ರಾಪ್ತವಯಸ್ಸಿನ ನಂಬಿಕೆ ಬದಲಿಸಬಲ್ಲದು ಎಂಬುದಕ್ಕೆ ಇದು ಜಿಲ್ಲೆಯ ಇತಿಹಾಸದಲ್ಲೇ ದೊರೆಯುವ ಗಟ್ಟಿ ಉದಾಹರಣೆ. 2005ರ ತಿದ್ದುಪಡಿಯಿಂದ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ನೀಡಿತು. 2000ದಿಂದ ರಾಜ್ಯದಲ್ಲಿ ನಡೆದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಸಂಘಗಳು ವಾರದ ಸಣ್ಣ ಉಳಿತಾಯವನ್ನು ಕೂಲಿಕಾರ ಹೆಂಗಸರಿಗೂ ರೂಢಿ ಮಾಡಿಸಿದವು.

ಬಗೆಗಳು

ಮನಶ್ಶಾಸ್ತ್ರಜ್ಞ ಬ್ರಾಡ್ ಕ್ಲಾಂಟ್ಸ್ ಮತ್ತು ಸಂಗಡಿಗರು 2011ರಲ್ಲಿ ಹಣದ ಮನೋಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಹಣವನ್ನೇ ದೂರವಿಡುವುದು, ಹಣವೇ ಸರ್ವಸ್ವ ಎನ್ನುವುದು, ಹಣವನ್ನು ಅಂತಸ್ತಿನ ಗುರುತಾಗಿ ಕಾಣುವುದು, ಸದಾ ಕಾವಲಿರುವುದು. ಬಾಲ್ಯದಲ್ಲಿ ಮನಸ್ಸಿಗಿಳಿದು ಅರಿವಿಲ್ಲದೆಯೇ ನಡೆಸುವ ನಂಬಿಕೆಗಳಿವು ಎಂಬುದು ಅವರ ವಾದ. ಈ ವಿಂಗಡಣೆ ಒಬ್ಬಂಟಿ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡದ್ದು. ಕುಟುಂಬದ ಹೆಸರಿನಲ್ಲಿ ಖರ್ಚು ಮಾಡುವ, ತನ್ನ ಹೆಸರಿನಲ್ಲಿ ಬಿಗಿ ಹಿಡಿಯುವ ಕೊಡಗಿನ ಮನೆಯ ಹಿರಿಯನಿಗೆ ಇದರಲ್ಲಿ ಸರಿಯಾದ ಜಾಗವಿಲ್ಲ.

ಇಂದಿನ ಸ್ಥಿತಿ

2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ತೋಟ, ಮನೆಗಳು ಮಣ್ಣಿನಡಿ ಸೇರಿದವು. ಮರುವರ್ಷವೂ ಕುಸಿತ ಮರುಕಳಿಸಿತು. ಭೂಮಿಯೊಂದು ಉಳಿದರೆ ಸಾಕು ಎಂಬ ತಲೆಮಾರುಗಳ ನಂಬಿಕೆಗೆ ಬಿದ್ದ ಪೆಟ್ಟು ಇದು. ಇನ್ನೊಂದು ಕಡೆ ಹೋಂಸ್ಟೇಗಳು ತೋಟದ ಮನೆಗೆ ವರ್ಷವಿಡೀ ನಗದು ತರುವ ಹೊಸ ದಾರಿಯಾದವು. ಅತಿಥಿಗೆ ಬೆಲೆಪಟ್ಟಿ ಕೊಡುವುದನ್ನು ಹಳೆಯ ಮನೆಗಳು ಹೊಸದಾಗಿ ಕಲಿತವು. 2024ರ ಸುಮಾರಿಗೆ ರೊಬಸ್ಟಾ ಬೆಲೆ ದಾಖಲೆಯ ಮಟ್ಟ ಮುಟ್ಟಿದಾಗ 1994ನ್ನು ಕಂಡ ಬೆಳೆಗಾರರೂ ಅದನ್ನು ಕಾಣದ ಅವರ ಮಕ್ಕಳೂ ಒಂದೇ ಮನೆಯಲ್ಲಿದ್ದರು. ಈಗ ಬಹಳಷ್ಟು ಕುಟುಂಬಗಳಲ್ಲಿ ನಗರದಲ್ಲಿರುವ ಮಕ್ಕಳ ತಿಂಗಳ ಸಂಬಳವೂ ಊರಿನ ವರ್ಷದ ಫಸಲೂ ಒಟ್ಟಿಗೇ ಇವೆ. ಪಹಣಿಯಲ್ಲಿ ಮಾತ್ರ ಅನೇಕ ಕಡೆ ಪಟ್ಟೆದಾರನ ಹೆಸರು ಇನ್ನೂ ಉಳಿದಿದೆ.